ಪ್ರೊಫೈಲಿಗೊಂದು ತಲೆಗೂದಲು

ಅಪ್ಪನ ತಿಥಿ ಮುಗಿದ ಮಾರನೇ ದಿನ ನಾನು ಮಧುಗಿರಿಯ ಕಾಲೇಜಿಗೆ ಹೋದೆ. ಗೇಟಿನ ಹತ್ತಿರವೇ ಸಿಕ್ಕ ಇಂಗ್ಲಿಷ್ ಮೇಷ್ಟ್ರು ನನ್ನ ಬೋಳುತಲೆ ನೋಡಿ, "ಏನಪ್ಪಾ, ತಿರುಪತಿಗೆ ಹೋಗಿದ್ಯಾ?" ಎಂದು ಕೇಳಿದರು. ನಾನು ಹೂಂ ಅಂದೆ. "ದರ್ಶನ ಚೆನ್ನಾಗಾಯ್ತಾ?" ಅಂದರು. ಚೆನ್ನಾಗಾಯ್ತು ಸಾರ್ ಅಂದೆ.

ಅಪ್ಪ ಹೋದರು ಸಾರ್ ಎಂದು ಹೇಳುವುದು ದೊಡ್ಡ ಕಷ್ಟವೇನಲ್ಲ. ಆದರೆ ಹೇಳಿದರೆ ಅವರು ನಿಲ್ಲುತ್ತಾರೆ, ಹೆಗಲ ಮೇಲೆ ಕೈ ಇಡುತ್ತಾರೆ, ಹೇಗಾಯ್ತು ಎಂದು ಕೇಳುತ್ತಾರೆ. ನಾನು ಮತ್ತೆ ಕೊರಟಗೆರೆ ಬಸ್‌ಸ್ಟ್ಯಾಂಡಿನಿಂದ ಶುರುಮಾಡಬೇಕಾಗುತ್ತದೆ. ಅಷ್ಟು ದಿನದಲ್ಲಿ ಅದನ್ನು ಎಷ್ಟು ಸಲ ಹೇಳಿದ್ದೆನೆಂದರೆ ಬಾಯಿಪಾಠವಾಗಿಹೋಗಿತ್ತು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಲಡ್ಡು ಎಲ್ಲಿ ಎಂದರು. ಖಾಲಿ ಆಯ್ತು ಅಂದೆ. ಅಲ್ಲಿಗೆ ಮಾತು ಮುಗಿಯಿತು, ಅದೇ ನನಗೆ ಬೇಕಾಗಿದ್ದದ್ದು.

ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ಪಾವಗಡದಿಂದ ಹೊರಟು ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಹೋಗಿ ಬರುವ ಬಸ್ಸು. ಒಂದು ಮಧ್ಯಾಹ್ನ ಕೊರಟಗೆರೆಯಲ್ಲಿ ಬಸ್ಸು ನಿಂತಾಗ ಟೀ ಕುಡಿಯಲು ಇಳಿದವನು ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತ, ಏಳಲಿಲ್ಲ. ಡ್ರೈವರಣ್ಣ ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ಬೈಯುವುದಕ್ಕೆಂದೇ ಇಳಿದು ಬಂದನಂತೆ. ನಾನು ಹೇಳುತ್ತಿದ್ದ ಕತೆ ಇಷ್ಟೇ. ಕೇಳುತ್ತಿದ್ದವರು ಅಳುತ್ತಿದ್ದರು, ನಾನು ಅವರಿಗೆ ನೀರು ತಂದುಕೊಡುತ್ತಿದ್ದೆ. ನನ್ನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಮಣ್ಣಿಗಿಡುವಾಗಲೂ ಬರಲಿಲ್ಲ, ತಲೆ ಬೋಳಿಸುವಾಗಲೂ ಬರಲಿಲ್ಲ. ಕ್ಷೌರದವನು ನೀರು ಚಿಮುಕಿಸಿದಾಗ ತಣ್ಣಗಾಯಿತು, ಅಷ್ಟೇ. ಹುಡುಗನಿಗೆ ಎಲ್ಲಾ ಒಳಗೇ ಇಟ್ಟುಕೊಳ್ಳುವ ಸ್ವಭಾವ ಎಂದು ನೆಂಟರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಳಗೂ ಏನೂ ಇರಲಿಲ್ಲ, ನಾನು ನೋಡಿದ್ದೇನೆ.

ತಿಥಿಯ ದಿನ ಬಸ್ಸಿನ ಮಾಲೀಕರು ಬಂದಿದ್ದರು. ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಅವ್ವನ ಹತ್ತಿರ ಕೂತು, "ಅವನ ಬ್ಯಾಗು ಹಂಗೇ ಐತೆ ಕಣಮ್ಮ. ಹುಡ್ಗ ಬತ್ತೀನಿ ಅಂದ್ರೆ ನಾಳೆನಿಂದ್ಲೇ ಬರ್ಲಿ" ಅಂದರು. ಒಳ್ಳೆಯ ಮಾತೇ ಅದು. ಅವ್ವ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. "ಓದ್ತಾವ್ನೆ. ನೋಡಾಣ ಬುಡಿ" ಅಂದಳು.

ಕಂಡಕ್ಟರ್ ಕೆಲಸ ಕೀಳು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ನನ್ನ ಕಾಲೇಜಿನ ಫೀಸು ಆ ಚರ್ಮದ ಬ್ಯಾಗಿನಿಂದಲೇ ಬಂದದ್ದು. ಆದರೆ ಆ ಬಸ್ಸಿನಲ್ಲಿ ಹತ್ತುವ ಪ್ರತಿಯೊಬ್ಬರಿಗೂ ಅಪ್ಪ ಗೊತ್ತಿದ್ದ. ನಾನು ಟಿಕೆಟ್ ಹರಿದು ಕೊಟ್ಟರೆ ಪ್ರತಿಯೊಬ್ಬರೂ, ಅಯ್ಯೋ ನಿಮ್ಮಪ್ಪ, ಎಂದು ಶುರುಮಾಡುತ್ತಾರೆ. ಪಾವಗಡದಿಂದ ತುಮಕೂರಿನವರೆಗೂ, ಮತ್ತೆ ತುಮಕೂರಿನಿಂದ ಪಾವಗಡದವರೆಗೂ. ಮಾಲೀಕರ ಮುಂದೆ ಗೋಡೆ ನೋಡಿದ್ದು ಅದಕ್ಕೇ.

ನನಗೆ ಬೇಕಾಗಿದ್ದದ್ದು ಬೇರೆ. ತಿರುಮಣಿಯ ಹತ್ತಿರದ ಸೋಲಾರ್ ಪಾರ್ಕಿನಲ್ಲಿ ಒಂದು ಕಂಪನಿಯವರು ಕಂಟ್ರೋಲ್ ರೂಮಿಗೆ ಟ್ರೈನಿಗಳನ್ನು ತೆಗೆದುಕೊಳ್ಳುತ್ತಾರೆ, ನಮ್ಮ ಕಾಲೇಜಿನಿಂದ ಒಬ್ಬರಿಗೆ ಅವಕಾಶ ಎಂದು ನೋಟೀಸ್ ಬೋರ್ಡಿನಲ್ಲಿ ಹಾಕಿದ್ದರು. ಕಂಪ್ಯೂಟರ್ ಮುಂದೆ ಕೂತು ಯಾವ ಸಾಲಿನ ಪ್ಯಾನಲ್ ಎಷ್ಟು ಕರೆಂಟು ಕೊಡುತ್ತಿದೆ ಎಂದು ನೋಡುವುದು, ಕೆಂಪು ದೀಪ ಬಂದರೆ ಫೋನ್ ಮಾಡಿ ಹೇಳುವುದು. ಏಸಿ ರೂಮು, ಮುಚ್ಚಿದ ಬಾಗಿಲು. ಅಲ್ಲಿ ಯಾರಿಗೂ ಅಪ್ಪ ಗೊತ್ತಿಲ್ಲ, ಯಾರೂ ಕೇಳುವುದಿಲ್ಲ. ಆ ಸೀಟು ನನಗೆ ಬೇಕೇಬೇಕಿತ್ತು. ಆ ದಿನಗಳಲ್ಲಿ ಬೇಕು ಎಂದು ನನಗೆ ಅನ್ನಿಸಿದ್ದು ಅದೊಂದೇ.

ಸೀಟಿಗೆ ಎರಡು ವಸ್ತು ತಯಾರಿಸಬೇಕಿತ್ತು. ಒಂದು, ಉದ್ಯೋಗದ ವೆಬ್‌ಸೈಟಿನಲ್ಲಿ ಪ್ರೊಫೈಲು. ಇನ್ನೊಂದು, ನನ್ನ ಬಗ್ಗೆ ನಾನೇ ಮಾಡುವ ಐದು ನಿಮಿಷದ ಪಿಪಿಟಿ. ಇದನ್ನು ಕಲಿಸಲು ಶನಿವಾರ ತುಮಕೂರಿನಿಂದ ಒಬ್ಬ ಟ್ರೈನರ್ ಬರುತ್ತಿದ್ದರು. ಚಿಕ್ಕ ವಯಸ್ಸಿನವರು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಎಷ್ಟು ಹೊತ್ತು ಮಾತಾಡಿದರೂ ಸುಸ್ತಾಗದ ಗಂಟಲು. "ನೀವು ಒಳಗೆ ಕಾಲಿಡೋ ಮುಂಚೆ ನಿಮ್ಮ ಪ್ರೊಫೈಲ್ ಒಳಗೆ ಹೋಗಿರುತ್ತೆ. ಅದು ನೋಡಿ ಇಷ್ಟ ಆಗಿಲ್ಲ ಅಂದ್ರೆ ನಿಮ್ಮನ್ನ ಕರಿಯೋದೇ ಇಲ್ಲ" ಅನ್ನುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು. ನಮ್ಮಲ್ಲಿ ಅರ್ಧ ಜನರ ಇಮೇಲ್ ವಿಳಾಸದಲ್ಲಿ ಇನ್ನೂ ಸಿನಿಮಾ ನಟರ ಹೆಸರಿತ್ತು. ಮೊದಲ ಶನಿವಾರ ಪೂರ್ತಿ ಅದನ್ನು ಬದಲಾಯಿಸುವುದಕ್ಕೇ ಹೋಯಿತು.

ಪಿಪಿಟಿಯನ್ನು ಯಾವುದರಲ್ಲಿ ಮಾಡುವುದು ಎನ್ನುವುದು ನಮ್ಮ ಕ್ಲಾಸಿನಲ್ಲಿ ದೊಡ್ಡ ಜಗಳವಾಗಿತ್ತು. ಕಾಲೇಜಿನ ಲ್ಯಾಬಿನಲ್ಲಿದ್ದ ಸಾಫ್ಟ್‌ವೇರು ಹಳೆಯದು. ಕನ್ನಡ ಅಕ್ಷರ ಹಾಕಿದರೆ ಬರೀ ಚೌಕಗಳು ಬರುತ್ತಿದ್ದವು. ಅಲ್ಲಿಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದರೆ ವೈರಸ್ಸು ಹತ್ತಿಸಿಕೊಂಡೇ ಹೊರಗೆ ಬರುತ್ತಿತ್ತು. ಆನ್‌ಲೈನಿನಲ್ಲೇ ಸ್ಲೈಡು ಮಾಡುವ ಇನ್ನೊಂದಿತ್ತು. ಅದು ಚೆನ್ನಾಗಿದೆ, ನಾವು ಮಾಡಿದ್ದು ತಾನಾಗಿಯೇ ಸೇವ್ ಆಗುತ್ತದೆ, ಆದರೆ ನಮ್ಮ ಬಡವನಹಳ್ಳಿಯಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ಮೂರನೆಯದು ಫೋನಿನ ಡಿಸೈನ್ ಆ್ಯಪು. ರೆಡಿ ಟೆಂಪ್ಲೇಟುಗಳು ಸಾವಿರ ಇರುತ್ತವೆ, ಬಣ್ಣ ಬದಲಾಯಿಸಿ ಹೆಸರು ತುಂಬಿದರೆ ಮುಗಿಯಿತು. ಎಲ್ಲರದ್ದೂ ಒಂದೇ ಥರ ಕಾಣುತ್ತದೆ ಎಂದು ಟ್ರೈನರ್ ಮುಖ ಕಿವುಚುತ್ತಿದ್ದರು.

ನಾನು ಆ್ಯಪನ್ನೇ ಆರಿಸಿಕೊಂಡೆ. ಅದರಲ್ಲಿ ನನ್ನ ಕೈ ಪಳಗಿತ್ತು. ಊರಿನಲ್ಲಿ ಯಾರಿಗೆ ಹುಟ್ಟುಹಬ್ಬದ ಬ್ಯಾನರ್ ಬೇಕಾದರೂ, ಕ್ರಿಕೆಟ್ ಟೂರ್ನಮೆಂಟಿಗೆ ಪೋಸ್ಟರ್ ಬೇಕಾದರೂ ನನಗೇ ಹೇಳುತ್ತಿದ್ದರು. ನಾನು ಫೋನಿನಲ್ಲಿ ಮಾಡಿ ಸಿರಾದ ಫ್ಲೆಕ್ಸ್ ಅಂಗಡಿಗೆ ಕಳಿಸುತ್ತಿದ್ದೆ, ಅಲ್ಲಿ ಅಚ್ಚಾಗಿ ಬರುತ್ತಿತ್ತು. ಪಿಪಿಟಿಯನ್ನು ಅದರಲ್ಲೇ ಮಾಡಿ ಪಿಡಿಎಫ್ ಆಗಿ ಇಳಿಸಿಕೊಂಡರೆ ಯಾರ ಪ್ರೊಜೆಕ್ಟರಿನಲ್ಲಿ ತೆರೆದರೂ ಅಕ್ಷರ ಅಲುಗಾಡುವುದಿಲ್ಲ ಎನ್ನುವುದು ನನ್ನ ಲೆಕ್ಕ.

ಆ್ಯಪು ತೆರೆದೆ. ಮೇಲುಗಡೆಯೇ, ನೀವು ಇತ್ತೀಚೆಗೆ ಮಾಡಿದ್ದು ಎಂದು ಅಪ್ಪನ ಶ್ರದ್ಧಾಂಜಲಿ ಫ್ಲೆಕ್ಸ್ ಕಾಣಿಸಿತು.

ಅದನ್ನೂ ನಾನೇ ಮಾಡಿದ್ದು. ಸತ್ತ ಮೂರನೇ ದಿನ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಹೇಳಿ ಹೇಳಿ ಮಾಡಿಸಿದ್ದ. "ದೀಪ ಇನ್ನೊಸಿ ದೊಡ್ಡದು ಮಾಡ್ಲಾ. ಕೆಳಗಡೆ ನಮ್ದೆಲ್ಲಾ ಫೋಟೋ ಬರ್ಲಿ, ನಂದು ಮದ್ಲು." ನಮ್ಮ ಕಡೆ ಫ್ಲೆಕ್ಸಿನಲ್ಲಿ ಸತ್ತವರು ಒಬ್ಬರೇ ಇರುವುದಿಲ್ಲ, ಕೆಳಗೆ ದುಃಖತಪ್ತರು ಎಂದು ಬರೆದು ಇಡೀ ಬಳಗದವರು ಸಣ್ಣಸಣ್ಣ ವೃತ್ತಗಳಲ್ಲಿ ಬರುತ್ತಾರೆ. ದೊಡ್ಡಪ್ಪ ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದ ಫೋಟೋ ಕೊಟ್ಟಿದ್ದ. ನಾನು ಅದನ್ನೇ ವೃತ್ತಕ್ಕೆ ಕೂರಿಸಿದ್ದೆ. ಅಪ್ಪನ ಫೋಟೋ ಮಾತ್ರ ಚೆನ್ನಾಗಿತ್ತು. ಯಾರದೋ ಮದುವೆಯಲ್ಲಿ ತೆಗೆದದ್ದು. ದಟ್ಟ ಕೂದಲು, ಹಣೆಯ ಎಡಗಡೆ ಒಂದು ಸುಳಿ. ಆ ಸುಳಿಯಿಂದಾಗಿ ಕ್ರಾಪು ಅಲ್ಲಿ ಮಾತ್ರ ಮೇಲಕ್ಕೆದ್ದು ಹಿಂದಕ್ಕೆ ಬಾಗುತ್ತಿತ್ತು. ಅಪ್ಪನಿಗೆ ಅದರ ಮೇಲೆ ಸ್ವಲ್ಪ ಜಂಬ. ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡು, ಬಸ್ಸು ಊರೊಳಗೆ ನುಗ್ಗುವ ಮುಂಚೆ ಡ್ರೈವರಿನ ಕನ್ನಡಿಯಲ್ಲಿ ಬಗ್ಗಿ ನೋಡಿ ಬಾಚಿಕೊಳ್ಳುತ್ತಿದ್ದ. ಹೆಂಗಸರು ನಗುತ್ತಿದ್ದರು. ನನಗೂ ಅದೇ ಜಾಗದಲ್ಲಿ ಸುಳಿ ಇದೆ, ಆದರೆ ನಾನು ಯಾವತ್ತೂ ಅದನ್ನು ನೋಡಿಕೊಂಡವನಲ್ಲ.

ಆ ಫ್ಲೆಕ್ಸಿನ ಆಧಾರದ ಮೇಲೆ ಆ್ಯಪು ನನಗೆ ಸ್ಲೈಡಿನ ಟೆಂಪ್ಲೇಟುಗಳನ್ನು ಸೂಚಿಸಿತು. ಕಪ್ಪು ಹಿನ್ನೆಲೆ, ಬಿಳಿ ಗುಲಾಬಿ, ಉರಿಯುವ ದೀಪ. ನನ್ನ ಬಲಗಳು ಎನ್ನುವ ಸ್ಲೈಡಿಗೆ ದೀಪ ಚೆನ್ನಾಗಿ ಹೊಂದುತ್ತದೆ ಎಂದು ಅದಕ್ಕೆ ಅನ್ನಿಸಿರಬೇಕು. ನಾನು ಪುಟ ತಳ್ಳುತ್ತಾ ಹೋದೆ. ಗಂಟೆಗಟ್ಟಲೆ ತಳ್ಳಿದೆ. ತಿಳಿಹಸಿರು, ಬೂದು, ಬೂದುಬಣ್ಣದಲ್ಲೇ ಇನ್ನೊಂದು ಥರದ ಬೂದು. ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನನಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ, ಆದರೂ ನಿಲ್ಲಿಸಲಾಗಲಿಲ್ಲ. ಅವ್ವ ಊಟಕ್ಕೆ ಕರೆದಳು, ಹೋಗಿ ಮುದ್ದೆ ನುಂಗಿ ಬಂದು ಮತ್ತೆ ತಳ್ಳಿದೆ. ಕೊನೆಗೆ ಬಿಳಿ ಹಿನ್ನೆಲೆಯ, ಏನೂ ಚಿತ್ರವಿಲ್ಲದ ಒಂದನ್ನು ಹಿಡಿದೆ. ಟ್ರೈನರ್ ಅದನ್ನು ನೋಡಿ, "ಇದು ಕ್ಲೀನ್ ಆಗಿದೆ. ನಿಮಗೆ ಟೇಸ್ಟ್ ಇದೆ" ಎಂದರು. ಆ ದಿನಗಳಲ್ಲಿ ನನಗೆ ಮುದ್ದೆಯ ರುಚಿಯೂ ಗೊತ್ತಾಗುತ್ತಿರಲಿಲ್ಲ.

ಪಿಪಿಟಿ ಮುಗಿಯಿತು. ಸಿಕ್ಕಿಕೊಂಡದ್ದು ಫೋಟೋದಲ್ಲಿ.

ಪ್ರೊಫೈಲಿಗೆ ಬೇಕಾದ ಫೋಟೋದ ಲಕ್ಷಣಗಳನ್ನು ಟ್ರೈನರ್ ಬೋರ್ಡಿನ ಮೇಲೆ ಬರೆದಿದ್ದರು: ಕಾಲರ್ ಇರುವ ಅಂಗಿ, ಬಿಳಿ ಗೋಡೆ, ಕ್ಯಾಮೆರಾ ಕಡೆ ನೇರ ನೋಟ, ಮೆಲ್ಲಗಿನ ನಗು. ನನ್ನ ಫೋನಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಇದ್ದ ಒಳ್ಳೆಯ ಫೋಟೋ ಸಿದ್ದರಬೆಟ್ಟ ಹತ್ತಿದಾಗಿನದು. ಅದರಲ್ಲಿ ನಾನು ಅಂಗಿ ಬಿಚ್ಚಿ ತಲೆಗೆ ಸುತ್ತಿಕೊಂಡಿದ್ದೇನೆ, ಪಕ್ಕದಲ್ಲಿ ಒಂದು ಕೋತಿ ಇದೆ. ಉಳಿದವೆಲ್ಲಾ ಗೆಳೆಯರ ಹೆಗಲ ಮೇಲೆ ಕೈಹಾಕಿಕೊಂಡು ನಾಲಗೆ ಚಾಚಿದಂಥವು. ಹೊಸದಾಗಿ ತೆಗೆಸೋಣವೆಂದರೆ ತಲೆ ಬೋಳು, ಮೀಸೆಯೂ ಇಲ್ಲ.

"ಕೂದಲು ಬರೋವರೆಗೂ ಕಾಯೋಕೆ ಆಗಲ್ವಾ ಸಾರ್?" ಎಂದು ಕೇಳಿದೆ.

"ಈ ವಾರದೊಳಗೆ ಲಿಂಕ್ ಕಳಿಸಬೇಕು" ಅಂದರು ಟ್ರೈನರ್. ನನ್ನ ತಲೆಯನ್ನು ಸ್ವಲ್ಪ ಹೊತ್ತು ನೋಡಿದರು. ಅವರಿಗೂ ಇದು ತಿರುಪತಿಯ ತಲೆಯೇ. "ಹೀಗೇ ಹಾಕಿದ್ರೆ ಫಸ್ಟ್ ಇಂಪ್ರೆಷನ್ ಸ್ವಲ್ಪ… ಯಾವುದಾದ್ರೂ ಸ್ಟುಡಿಯೋದಲ್ಲಿ ಎಡಿಟ್ ಮಾಡಿಸ್ಕೊಳ್ಳಿ."

ಹಾಗಾಗಿ ಸಿರಾಕ್ಕೆ ಹೋದೆ. ನನ್ನ ಫ್ಲೆಕ್ಸುಗಳನ್ನು ಅಚ್ಚು ಹಾಕುವ ಭಾಯ್ ಪಾಸ್‌ಪೋರ್ಟ್ ಫೋಟೋವನ್ನೂ ತೆಗೆಯುತ್ತಾರೆ. ಐವತ್ತು ದಾಟಿದ ಮನುಷ್ಯ. ಅಂಗಡಿ ಪೇಟೆಯ ಒಂದು ಮಹಡಿಯ ಮೇಲಿದೆ. ಅಪ್ಪನ ಫ್ಲೆಕ್ಸನ್ನು ಅಚ್ಚು ಹಾಕಿದವರೂ ಅವರೇ, ಆದ್ದರಿಂದ ಅವರಿಗೆ ತಿರುಪತಿ ಎಂದು ಹೇಳುವ ಹಾಗಿರಲಿಲ್ಲ. ಅವರೂ ಏನೂ ಕೇಳಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿ, ಫೋಟೋ ತೆಗೆದು, ಕಂಪ್ಯೂಟರಿನ ಮುಂದೆ ಕೂತರು.

"ಕೋಟ್ ಹಾಕ್ಲಾ ಬೇಟಾ?"

ಹಾಕಿ ಅಂದೆ. ಅವರ ಕಂಪ್ಯೂಟರಿನಲ್ಲಿ ಕತ್ತಿಲ್ಲದ ಕೋಟುಗಳು ಒಂದು ಬೀರುವಿನಷ್ಟಿದ್ದವು. ಕಪ್ಪು ಕೋಟೊಂದನ್ನು ತಂದು ನನ್ನ ಗದ್ದದ ಕೆಳಗೆ ಕೂರಿಸಿದರು. ಆಮೇಲೆ ಕೂದಲಿಗೆ ಕೈಹಾಕಿದರು. ಅದೂ ಅವರ ಹತ್ತಿರ ಬೇಕಾದಷ್ಟಿತ್ತು, ಬೋಳುತಲೆಯವರು ಮದುವೆಗೆ ಫೋಟೋ ತೆಗೆಸಲು ಬರುತ್ತಾರಲ್ಲ. ಒಂದನ್ನು ಇಟ್ಟರು, ಟೋಪಿಯಂತೆ ಕಂಡಿತು. ಇನ್ನೊಂದನ್ನು ಇಟ್ಟರು, ನನಗೆ ಹತ್ತು ವರ್ಷ ಹೆಚ್ಚಾಯಿತು. ಮೂರನೆಯದರಲ್ಲಿ ನಾನು ಯಾವುದೋ ಧಾರಾವಾಹಿಯ ಅಳಿಯನ ಥರ ಇದ್ದೆ. ಭಾಯ್ ನಾಲಗೆ ಲೊಚಗುಟ್ಟಿ, "ಬೇರೆಯವರದ್ದು ಕೂತ್ಕೊಳ್ಳಲ್ಲ" ಎಂದುಕೊಂಡು, ಎದ್ದುಹೋಗಿ ಮುಖ ತೊಳೆದುಕೊಂಡು ಬಂದರು. ಬಂದವರು ಇನ್ನೊಂದು ಫೈಲು ತೆರೆದು ಏನೋ ಕತ್ತರಿಸಿದರು, ಎಳೆದು ತಂದು ನನ್ನ ತಲೆಯ ಮೇಲಿಟ್ಟರು. ಕೂತುಬಿಟ್ಟಿತು. ಹಣೆಯ ಗೆರೆ, ಕಿವಿಯ ಪಕ್ಕದ ತಿರುವು, ಎಲ್ಲವೂ.

"ಇದು ಯಾವುದು ಭಾಯ್?" ಅಂದೆ.

"ನಿಮ್ಮ ಅಬ್ಬಾದು" ಅಂದರು. "ಫ್ಲೆಕ್ಸ್ ಫೈಲ್ ಇಲ್ಲೇ ಇತ್ತಲ್ಲ. ಖಾನ್ದಾನ್ ಕೂದ್ಲು, ಅದಕ್ಕೇ ಕೂತ್ಕೊಂತು." ಆಮೇಲೆ ಸ್ವಲ್ಪ ಅನುಮಾನದಿಂದ ನನ್ನ ಕಡೆ ತಿರುಗಿ, "ಬೇಜಾರಾದ್ರೆ ತೆಗೀತೀನಿ. ಫಿಕರ್ ಇಲ್ಲ" ಅಂದರು.

ಬೇಜಾರಾಗಿದೆಯೇ ಎಂದು ನಾನು ಹುಡುಕಿಕೊಂಡೆ. ಆಗಿರಲಿಲ್ಲ. ಯಾರದೋ ಕೋಟು, ಅಪ್ಪನ ಕೂದಲು, ನನ್ನ ಮೂತಿ, ಹಿಂದೆ ಬಿಳಿ ಬಣ್ಣ. ಮೀಸೆಯನ್ನು ಭಾಯ್ ತೆಳುವಾಗಿ ಬರೆದಿದ್ದರು. ಫೋಟೋ ಚೆನ್ನಾಗಿತ್ತು. "ಇರ್ಲಿ ಭಾಯ್, ವಾಟ್ಸಾಪ್ ಮಾಡಿ" ಎಂದು ಹೇಳಿ ಮೆಟ್ಟಿಲಿಳಿದೆ.

ಪ್ರೊಫೈಲಿಗೆ ಹಾಕಿದೆ. ಟ್ರೈನರ್ ಅದನ್ನು ಇಡೀ ಕ್ಲಾಸಿಗೆ ತೋರಿಸಿ, ಫೋಟೋ ಅಂದರೆ ಹೀಗಿರಬೇಕು ಅಂದರು. ಪ್ರೊಫೈಲು ಪೂರ್ಣವಾಗಿದೆ ಎಂದು ವೆಬ್‌ಸೈಟು ತಾನಾಗಿಯೇ ಎಲ್ಲರಿಗೂ ಸುದ್ದಿ ಮುಟ್ಟಿಸಿತು. ಅಭಿನಂದನೆಗಳು ಬಂದವು. ಹುಬ್ಬಳ್ಳಿಯ ಯಾರೋ, ಮೈಸೂರಿನ ಯಾರೋ, ಮುಖ ನೋಡದವರೆಲ್ಲಾ ಶುಭವಾಗಲಿ ಎಂದು ಬರೆದರು. ನಾನು ಪ್ರತಿಯೊಬ್ಬರಿಗೂ ಕೈಮುಗಿಯುವ ಚಿಹ್ನೆ ಕಳಿಸಿದೆ. ತಿಥಿಯ ದಿನ ಬಂದವರಿಗೂ ಅದನ್ನೇ ತಾನೇ ಮಾಡಿದ್ದು.

ಅವ್ವ ಅದನ್ನು ನೋಡಿದ್ದು ಎರಡು ದಿನದ ಮೇಲೆ. ಹೊಸ ಫೋಟೋ ತೆಗೆಸಿದ್ದೀಯಂತೆ, ತೋರಿಸು ಅಂದಳು. ಫೋನು ಕೊಟ್ಟೆ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡು ಬೆರಳಿನಿಂದ ದೊಡ್ಡದು ಮಾಡಿದಳು. ನನ್ನ ಮುಖ ದಾಟಿ ಮೇಲಕ್ಕೆ ಹೋದಳು.

"ಇದು ನಿಮ್ಮಪ್ಪನ ಸುಳಿ ಕಣ್ಲಾ."

"ಹೂಂ."

"ಯಾರ್ಲಾ ಹಾಕಿದ್ದು?"

"ಸಿರಾ ಭಾಯ್."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಪರದೆ ಆರಿಹೋಗುವವರೆಗೂ ನೋಡಿದಳು, ಆರಿದ ಮೇಲೆ ಮತ್ತೆ ಹತ್ತಿಸಿಕೊಡು ಅಂದಳು. ಅವತ್ತಿನಿಂದ ದಿನಾ ಕೇಳುತ್ತಿದ್ದಳು. ನನ್ನ ಫೋಟೋ ಎಂದು ಕೇಳುತ್ತಿರಲಿಲ್ಲ. "ನಿಮ್ಮಪ್ಪಂದು ತೋರ್ಸು" ಅನ್ನುತ್ತಿದ್ದಳು. ಅದೇ ವಾರ ಊರಿನ ಸರ್ಕಲ್ಲಿನಲ್ಲಿದ್ದ ಅಪ್ಪನ ಫ್ಲೆಕ್ಸನ್ನು ಕಿತ್ತು ಯಾವನೋ ಮುಖಂಡನ ಹುಟ್ಟುಹಬ್ಬದ್ದು ಕಟ್ಟಿದ್ದರು. ಅದು ನಾನು ಮಾಡಿಕೊಟ್ಟದ್ದಲ್ಲ. ಕಿತ್ತಿದ್ದನ್ನು ಯಾರೋ ಹುಲ್ಲಿನ ಮೆದೆಗೆ ಹೊದಿಸಿಕೊಂಡರು. ಫ್ಲೆಕ್ಸಿನ ಗತಿ ಯಾವಾಗಲೂ ಅದೇ, ಒಳ್ಳೆಯ ಟಾರ್ಪಾಲು. ಅವ್ವ ಹಾಲು ತರಲು ಹೋದವಳು ನೋಡಿಕೊಂಡು ಬಂದು, ಹಾಲಿನ ಪಾತ್ರೆ ಇಟ್ಟು, ಫೋನು ಕೇಳಿದಳು.

ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಟ್ರೈನರ್ ನನಗೆ ಫೋನ್ ಮಾಡಿ, "ನಿಮ್ಮ ಪ್ರೊಫೈಲೇ ಕೆಲಸ ಮಾಡ್ತು, ನೋಡಿ" ಅಂದರು. ಅಪ್ಪನ ಬಸ್ಸು ಬಿಟ್ಟು ಸರ್ಕಾರಿ ಬಸ್ಸಿಗೆ ಕಾದು ಪಾವಗಡಕ್ಕೆ ಹೋದೆ, ಅಲ್ಲಿಂದ ತಿರುಮಣಿಗೆ ಆಟೋ. ರಸ್ತೆಯ ಎರಡೂ ಕಡೆ ಹೊಲಗಳ ಮೇಲೆ ಸಾಲುಸಾಲು ಪ್ಯಾನಲ್ಲುಗಳು, ಎಲ್ಲವೂ ಒಂದೇ ಕಡೆಗೆ ವಾಲಿಕೊಂಡಿದ್ದವು. ನನಗೆ ಜಾಗ ಇಷ್ಟವಾಯಿತು. ಮಾತಾಡಿಸುವವರು ಯಾರೂ ಇರಲಿಲ್ಲ.

ಗೇಟಿನಲ್ಲಿ ವಯಸ್ಸಾದ ಸೆಕ್ಯುರಿಟಿಯವನಿದ್ದ, ಆ ಕಡೆಯವರಂತೆ ಅರ್ಧ ತೆಲುಗು ಬೆರೆಸಿ ಮಾತಾಡುವವನು. ಬಂದವರನ್ನು ಫೋಟೋ ನೋಡಿ ಒಳಗೆ ಬಿಡಬೇಕೆಂದು ಅವನಿಗೆ ಟ್ಯಾಬ್ ಕೊಟ್ಟಿದ್ದರು. ಅದರಲ್ಲಿ ನನ್ನ ಪ್ರೊಫೈಲ್ ಫೋಟೋ ತೆರೆದು, ನನ್ನನ್ನು ನೋಡಿ, ಮತ್ತೆ ಫೋಟೋ ನೋಡಿ, ಅಲ್ಲವೆಂದು ತಲೆಯಾಡಿಸಿದ.

"ಇದು ನೀನ್ ಕಾದಪ್ಪಾ."

"ನಾನೇ ತಾತ."

"ಇದ್ರಾಗೆ ಕೂದ್ಲು ಐತೆ, ನಿಂಗೆ ಲೇದು."

ಬೋಳಿಸಿದ್ದು ಅಂದೆ. ಅವನು ಟ್ಯಾಬನ್ನು ಕಣ್ಣಿನ ಹತ್ತಿರಕ್ಕೆ ಹಿಡಿದುಕೊಂಡ. "ಈ ತಲೆ ನಾನ್ ಎಲ್ಲೋ ನೋಡೀನಿ. ಮನ ಪಾವಗಡ ಬಸ್ಸಿನ ಕಂಡಕ್ಟರ್ದು ಇದ್ದಂಗೈತೆ. ಬಾಚ್ಕೊಂತಾನೇ ಇರ್ತಾನೆ ನೋಡು, ಆಯಪ್ಪಂದು." ಅವನು ನನ್ನ ಬೋಳುತಲೆ ನೋಡಿದ, ಮೀಸೆ ಇಲ್ಲದ ತುಟಿ ನೋಡಿದ. ದನಿ ಇಳಿಸಿ, "ನಾಯನಾ? ಪೋಯಿನಾಡಾ?" ಎಂದ. ಅಪ್ಪನಾ, ಹೋದನಾ ಎಂದು ಕೇಳಿದ್ದು. ಹೌದೆಂದು ತಲೆಯಾಡಿಸಿದೆ. ಅವನು ಕುರ್ಚಿಯಿಂದ ಎದ್ದು ನಿಂತು ಗೇಟು ತೆಗೆದ. ಯಾರೂ ಅಪ್ಪನನ್ನು ನೋಡದ ಜಾಗ ಎಂದು ನಾನು ಅಂದುಕೊಂಡಿದ್ದದ್ದು ಗೇಟಿನಲ್ಲೇ ಹೋಯಿತು.

ಒಳಗೆ ಇಂಟರ್‌ವ್ಯೂ ಮಾಡಿದವರು ಒಬ್ಬ ಮೇಡಂ. ಪಿಪಿಟಿ ತೋರಿಸಿದೆ. ಅಕ್ಷರ ಅಲುಗಾಡಲಿಲ್ಲ. ಬಲ, ದೌರ್ಬಲ್ಯ, ಐದು ವರ್ಷದ ಮೇಲೆ ನಾನು ಎಲ್ಲಿರುತ್ತೇನೆ, ಎಲ್ಲವನ್ನೂ ಟ್ರೈನರ್ ಹೇಳಿಕೊಟ್ಟ ಹಾಗೇ ಒಪ್ಪಿಸಿದೆ. ಅವರಿಗೆ ಮೆಚ್ಚುಗೆಯಾಯಿತು ಅನ್ನಿಸುತ್ತದೆ. ಕಂಪ್ಯೂಟರಿನ ಪ್ರಶ್ನೆಗಳಿಗೂ ಸರಿಯಾಗಿ ಹೇಳಿದೆ. ಆಮೇಲೆ ಅವರು ತಮ್ಮ ಲ್ಯಾಪ್‌ಟಾಪಿನಲ್ಲಿದ್ದ ನನ್ನ ಫೋಟೋವನ್ನೂ ನನ್ನನ್ನೂ ನೋಡಿದರು.

"ಇದು ನಿಮ್ಮದೇ ಫೋಟೋನಾ?"

ಇಲ್ಲಿಯೂ ತಿರುಪತಿ ಎಂದು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಮುಖ ನಂದು ಮೇಡಂ. ಕೂದ್ಲು ನಮ್ಮಪ್ಪಂದು" ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಲು ಕಾರಣವೂ ಇರಲಿಲ್ಲ. ಹಾಗಾಗಿ ಹೇಳಿದೆ: ಅಪ್ಪ ತೀರಿಕೊಂಡರು, ಅದಕ್ಕೇ ತಲೆ ಬೋಳಿಸಿಕೊಂಡಿದ್ದೇನೆ, ಸ್ಟುಡಿಯೋದವರು ಅಪ್ಪನ ಫೋಟೋದಿಂದ ಕೂದಲು ತೆಗೆದು ಹಾಕಿದರು. ಕೊರಟಗೆರೆ ಬಸ್‌ಸ್ಟ್ಯಾಂಡು, ಟೀ, ಹಾರ್ನ್, ಯಾವುದನ್ನೂ ಹೇಳಲಿಲ್ಲ. ಅವರು ಲ್ಯಾಪ್‌ಟಾಪನ್ನು ಮುಚ್ಚಿದರು. ಆಮೇಲೆ ಮೆಲ್ಲಗೆ, "ನಿಮ್ಮನ್ನ ತಗೊಳ್ಳೋದಕ್ಕೆ ನನಗೇನೂ ಅಭ್ಯಂತರ ಇಲ್ಲ. ಆದರೆ ಈ ಫೋಟೋ ನಡೆಯಲ್ಲ. ಐಡಿ ಕಾರ್ಡು, ಗೇಟು, ಎಲ್ಲಾ ಕಡೆ ಇದೇ ಹೋಗುತ್ತೆ. ಈಗ ಹೇಗಿದ್ದೀರೋ ಹಾಗೇ ಒಂದು ತೆಗೆದು ಸಂಜೆಯೊಳಗೆ ಪ್ರೊಫೈಲಿಗೆ ಹಾಕಿ. ನಾಳೆ ನಾನು ಹೆಸರು ಕಳಿಸ್ತೀನಿ" ಅಂದರು.

ಸೀಟು ನನಗೇ ಸಿಕ್ಕಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಈಗಲೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ, ಕೆಂಪು ದೀಪ ಬಂದರೆ ಫೋನ್ ಮಾಡುತ್ತೇನೆ.

ಆ ದಿನ ನಾನು ಮನೆಗೆ ಬಂದಾಗ ಅವ್ವ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಏನಾಯ್ತು ಅಂದಳು. ಆಗುತ್ತದೆ, ಆದರೆ ಆ ಫೋಟೋ ತೆಗೆದು ಬೇರೆಯದನ್ನು ಹಾಕಬೇಕಂತೆ ಅಂದೆ. ಅವಳ ಕೈ ನಿಂತಿತು.

"ತೆಗೀಬ್ಯಾಡ."

"ತೆಗೀದೆ ಇದ್ರೆ ಕೆಲ್ಸ ಕೊಡಲ್ಲವ್ವ."

"ಸರ್ಕಲ್ಲಾಗಿದ್ದದ್ದೂ ಕಿತ್ತಾಕುದ್ರು. ಇದೊಂದಾದ್ರೂ ಇರ್ಲಿ ಬುಡ್ಲಾ."

ಫೋನಿನಲ್ಲಿ ಇಟ್ಟುಕೊಂಡಿರುತ್ತೇನೆ, ನೀನು ಕೇಳಿದಾಗ ತೋರಿಸುತ್ತೇನೆ ಅಂದೆ. "ಫೋನ್ನಾಗಿದ್ರೆ ನಾನೊಬ್ಳೇ ತಾನೇ ನೋಡೋದು" ಅಂದಳು. ಅವಳ ಕೋಪ ನನಗೆ ಅರ್ಥವಾಯಿತು, ಆದರೆ ನನಗೂ ಸಿಟ್ಟು ಬಂತು. ಬ್ಯಾಗು ಹಿಡಿದು ಬಸ್ಸು ಹತ್ತಲೇನು ಹಾಗಾದರೆ, ಎಂದು ಕೇಳಿದೆ. ಕೇಳಿದ್ದು ಸ್ವಲ್ಪ ಜೋರಾಯಿತು. ಪಕ್ಕದ ಮನೆಯವರು ಇಣುಕಿ ನೋಡಿದರು. ಅವ್ವ ಮಡಿಲಲ್ಲಿದ್ದ ಕಾಯಿಯನ್ನೆಲ್ಲಾ ಮೊರಕ್ಕೆ ಸುರಿದು, ಸಿಪ್ಪೆ ಒದರಿಕೊಂಡು, ಎದ್ದಳು.

"ಎಲ್ಲಿ ನಿಂತ್ಕತೀಯ, ನಿಂತ್ಕ. ನಾನೇ ತೆಗೀತೀನಿ."

ಸುಣ್ಣ ಹೊಡೆದ ಹೊರಗೋಡೆಯ ಮುಂದೆ ನಿಂತೆ. ಅವ್ವನಿಗೆ ಫೋಟೋ ತೆಗೆದು ಅಭ್ಯಾಸವಿಲ್ಲ. ಮೊದಲು ಅವಳ ಹೆಬ್ಬೆರಳೇ ಬಂತು, ಆಮೇಲೆ ನನ್ನ ಹೊಟ್ಟೆ ಬಂತು. ನಗಬೇಕೇನವ್ವ ಅಂದೆ. "ಬ್ಯಾಡ. ಅಂಗೇ ಇರು" ಅಂದಳು. ಕೊನೆಗೆ ಒಂದು ಸರಿಯಾಗಿ ಬಂತು. ಪ್ರೊಫೈಲು ತೆರೆದೆ. ಹಳೆಯದನ್ನು ಬದಲಾಯಿಸಬೇಕೇ ಎಂದು ಕೇಳಿತು. ಭಾಯ್ ಕೂರಿಸಿದ ಆ ಕ್ರಾಪು ಇನ್ನೂ ಅಲ್ಲೇ ಇತ್ತು, ಎಡಗಡೆ ಮೇಲಕ್ಕೆದ್ದು ಹಿಂದಕ್ಕೆ ಬಾಗಿ. ನನ್ನ ಬೆರಳು ಅಲ್ಲಿ ನಿಂತುಬಿಟ್ಟಿತು. ಅವ್ವ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಒತ್ತಿದೆ.

ಹೊಸ ಫೋಟೋ ಬಂತು. ಅವ್ವ ಫೋನು ಈಸಿಕೊಂಡು ದೊಡ್ಡದು ಮಾಡಿ ನೋಡಿದಳು. ತಲೆಯ ಮೇಲೆ ಮುಳ್ಳುಮುಳ್ಳಾಗಿ ಬರುತ್ತಿದ್ದ ಕೂದಲು, ಬಣ್ಣಗೆಟ್ಟ ಕಾಲರು, ಹಿಂದೆ ಸುಣ್ಣದ ಗೋಡೆ.

"ಈಗ ಸರಿಯಾಯ್ತು ಬುಡು" ಅಂದಳು. "ಈಗ ನೋಡ್ದೋರಿಗೆ ಗೊತ್ತಾಯ್ತದೆ, ಇವನಿಗೆ ಅಪ್ಪ ಇಲ್ಲ ಅಂತ."

ಜಗಲಿಯ ಮೇಲೆ ಕೂತು ಅತ್ತೆ. ಅಪ್ಪ ಇಲ್ಲ ಎನ್ನುವುದು ನನಗೂ ಆಗಲೇ ಗೊತ್ತಾದದ್ದು.